ಎರೆಮಣ್ಣಿನ ತವರು: ಕುಲುಮೆ ಬೆಟ್ಟ ಏರಿದವರ ಕಥೆ

ನಾಲವಾರದಲ್ಲಿ ರೈಲು ಹತ್ತಿ ವಾಡಿ, ಶಹಾಬಾದ ದಾಟಿ ಕಲಬುರಗಿಗೆ ಹೋಗುವ ಪ್ರಯಾಣಿಕರು ತಮಗರಿವಿಲ್ಲದೆ ಎರಡು ಯುಗಗಳನ್ನು ದಾಟುತ್ತಾರೆ. ವಾಡಿ, ಶಹಾಬಾದ ಸುತ್ತಲಿನ ಗಣಿಗಳಲ್ಲಿ ಪದರ ಪದರವಾಗಿ ಏಳುವ ಸುಣ್ಣಕಲ್ಲು ಪ್ರಾಚೀನ ಸಮುದ್ರದ ತಳದಲ್ಲಿ ಕೂಡಿದ ಕೆಸರು. ಮನೆಯಂಗಳಕ್ಕೆ ಹಾಸುವ ಶಹಾಬಾದ ಪರಸಿ ಅದೇ. ಸೇಡಂ, ವಾಡಿಗಳ ಸಿಮೆಂಟ್ ಕಾರ್ಖಾನೆಗಳ ಹೊಟ್ಟೆ ತುಂಬಿಸುವುದೂ ಅದೇ. ಕಲಬುರಗಿ, ಆಳಂದದ ಕಡೆಗೆ ಹೋದಂತೆ ಈ ಸುಣ್ಣಕಲ್ಲು ಮರೆಯಾಗಿ ಕರಿಕಲ್ಲು ಮೇಲೇಳುತ್ತದೆ. ಸುಣ್ಣಕಲ್ಲು ನೀರಿನಲ್ಲಿ ಹುಟ್ಟಿದ್ದಾದರೆ ಕರಿಕಲ್ಲು ಹುಟ್ಟಿದ್ದು ಬೆಂಕಿಯಲ್ಲಿ.

ತೊಗರಿಯ ಕಣಜವೆಂದು ಹೆಸರಾದ ಈ ಜಿಲ್ಲೆಯ ಎರೆಮಣ್ಣಿನ ಬಹುಪಾಲು ಆ ಕರಿಕಲ್ಲು ಸವೆದು, ಕೊಳೆತು, ಪುಡಿಯಾಗಿ ಆದದ್ದು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ, ಮಳೆ ಬಿದ್ದೊಡನೆ ಉಬ್ಬಿ ಕಾಲಿಗೆ ಮೆತ್ತುವ, ಹಿಂಗಾರಿನ ಜೋಳಕ್ಕೆ ತಿಂಗಳುಗಟ್ಟಲೆ ತೇವ ಹಿಡಿದಿಡುವ ಮಣ್ಣು ಒಂದು ಕಾಲದಲ್ಲಿ ಕೆಂಪಗೆ ಕುದಿಯುತ್ತಾ ಹರಿದ ಶಿಲಾರಸವಾಗಿತ್ತು ಎಂದರೆ ನಂಬುವುದು ಕಷ್ಟ. ಆದರೆ ಅದು ನಿಜ. ಆ ಶಿಲಾರಸ ಈಗಲೂ ಕುದಿಯುತ್ತಿರುವ ಒಂದು ಜಾಗವಿದೆ. ಅಲ್ಲಿಗೆ ಜನ ತಂಡ ಕಟ್ಟಿಕೊಂಡು, ದಾರಿ ತೋರುವವರ ಬೆನ್ನು ಹಿಡಿದು ಬೆಟ್ಟ ಹತ್ತುತ್ತಾರೆ. ಎರಡೂವರೆ ಶತಮಾನ ಮೀರಿದ ಆ ಏರುವಿಕೆಯ ಇತಿಹಾಸದಲ್ಲಿ ಕಲಬುರಗಿ ಸೀಮೆಯವರಿಗೂ ಸಂಬಂಧಿಸಿದ ಒಂದು ಪಾಠವಿದೆ.

ಸರಿದ ಹಂಚು, ನಿಂತ ಒಲೆ

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರದೇಶದ ನೆಲ ಬಿರಿಯಿತು. ಚಿತ್ರಗಳಲ್ಲಿ ಕಾಣುವಂತೆ ಒಂದೇ ಶಿಖರದ ತುದಿಯಿಂದ ಬೆಂಕಿ ಚಿಮ್ಮಿದ್ದಲ್ಲ. ಉದ್ದನೆಯ ಬಿರುಕುಗಳಿಂದ ಶಿಲಾರಸ ಉಕ್ಕಿ ಹರಿಯಿತು. ಒಂದು ಪದರ ಆರಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಪಶ್ಚಿಮ ಘಟ್ಟದಲ್ಲಿ ಇದರ ಒಟ್ಟು ದಪ್ಪ ಎರಡು ಕಿಲೋಮೀಟರಿಗೂ ಮಿಗಿಲು. ಇಂದು ಉಳಿದಿರುವ ಹರವೇ ಸುಮಾರು 5 ಲಕ್ಷ ಚದರ ಕಿಲೋಮೀಟರು. ಪೂರ್ವಕ್ಕೆ ಬಂದಂತೆ ತೆಳುವಾಗುತ್ತಾ ಕಲಬುರಗಿ ಸೀಮೆಯ ಅಂಚಿನಲ್ಲಿ ಅದು ಮುಗಿಯುತ್ತದೆ. ಸವೆದ ಪದರಗಳು ದೂರದಿಂದ ಮೆಟ್ಟಿಲಿನಂತೆ ಕಾಣುವುದರಿಂದ ಭೂವಿಜ್ಞಾನಿಗಳು ಇದನ್ನು 'ಡೆಕ್ಕನ್ ಟ್ರ್ಯಾಪ್' ಎನ್ನುತ್ತಾರೆ. ಸ್ವೀಡನ್ ದೇಶದ ಭಾಷೆಯಲ್ಲಿ ಮೆಟ್ಟಿಲಿಗಿರುವ ಹೆಸರಿನಿಂದ ಬಂದ ಪದ ಅದು.

ಹಾಗಾದರೆ ಆ ಬೆಂಕಿ ಎಲ್ಲಿಗೆ ಹೋಯಿತು? ಬೆಂಕಿ ಹೋಗಲಿಲ್ಲ, ನೆಲವೇ ಸರಿಯಿತು ಎಂಬುದು ಬಹುಪಾಲು ಭೂವಿಜ್ಞಾನಿಗಳ ಅಭಿಪ್ರಾಯ. ಒಲೆಯ ಮೇಲಿಟ್ಟ ರೊಟ್ಟಿಯ ಹಂಚನ್ನು ಮೆಲ್ಲಗೆ ಜರುಗಿಸಿದರೆ ಉರಿ ಅದರ ಬೇರೆ ಬೇರೆ ಭಾಗಕ್ಕೆ ತಾಗುತ್ತಾ ಹೋಗುತ್ತದೆ. ಹಾಗೆಯೇ ಭೂಮಿಯ ಒಳಗಿನ ಒಂದು ಬಿಸಿ ತಾಣದ ಮೇಲಿನಿಂದ ಭಾರತವನ್ನು ಹೊತ್ತ ಭೂಫಲಕ ಉತ್ತರಕ್ಕೆ ಸರಿಯುತ್ತಾ ಬಂತು. ಉರಿ ತಾಗಿದ ಗುರುತುಗಳು ಅರಬ್ಬೀ ಸಮುದ್ರದಿಂದ ಹಿಂದೂ ಮಹಾಸಾಗರದವರೆಗೆ ಸಾಲಾಗಿ ಉಳಿದಿವೆ. ಲಕ್ಷದ್ವೀಪ ಮತ್ತು ಮಾಲ್ಡೀವ್ಸ್ ದ್ವೀಪಗಳ ಹವಳದ ಅಡಿಯಲ್ಲಿರುವುದು ಇದೇ ಬಗೆಯ ಜ್ವಾಲಾಮುಖಿ ಶಿಲೆ. ಅನಂತರದ್ದು ಚಾಗೋಸ್, ಬಳಿಕ ಮಾರಿಷಸ್. ಸಾಲಿನ ಕೊನೆಯಲ್ಲಿ ಇಂದಿಗೂ ಉರಿಯುತ್ತಿರುವುದು ರಿಯೂನಿಯನ್ ದ್ವೀಪ.

ಕಲಬುರಗಿಯಿಂದ ಸುಮಾರು 4,800 ಕಿಲೋಮೀಟರ್ ದೂರದ ಆ ದ್ವೀಪ ಫ್ರಾನ್ಸ್ ದೇಶಕ್ಕೆ ಸೇರಿದ್ದು. ಅಲ್ಲಿನ ಜೀವಂತ ಜ್ವಾಲಾಮುಖಿಯ ಹೆಸರು ಪಿತೋನ್ ದ ಲಾ ಫೂರ್ನೇಸ್. ಕನ್ನಡದಲ್ಲಿ ಹೇಳುವುದಾದರೆ 'ಕುಲುಮೆ ಬೆಟ್ಟ'. ಎತ್ತರ ಸುಮಾರು 2,630 ಮೀಟರ್. ಹದಿನೇಳನೆಯ ಶತಮಾನದಿಂದೀಚೆಗೆ 150ಕ್ಕೂ ಹೆಚ್ಚು ಬಾರಿ ಅದು ಬಾಯಿ ತೆರೆದಿದೆ. ಎರೆಭೂಮಿಯನ್ನು ಹೆತ್ತ ಒಲೆ ಇನ್ನೂ ಆರಿಲ್ಲ ಎಂದರ್ಥ.

ದಾರಿ ಕಂಡವನು ಜಾಕೋಬ್

ಈ ಬೆಟ್ಟ ಹತ್ತುವವರಿಗೆ ಮೊದಲು ಎದುರಾಗುವುದು ಶಿಖರವಲ್ಲ, ಪ್ರಪಾತ. ಶಿಖರದ ಸುತ್ತಲಿನ ನೆಲ ಹಿಂದೊಮ್ಮೆ ಕುಸಿದು ಹಲವು ಕಿಲೋಮೀಟರ್ ಅಗಲದ ಬೋಗುಣಿಯಾಗಿದೆ. ಅದರ ಅಂಚಿನಲ್ಲಿ ಕೋಟೆಗೋಡೆಯಂತಹ ಕಡಿದಾದ ಬಂಡೆ. ಮೊದಲು ಇಳಿದು, ಬೋಗುಣಿಯ ತಳ ದಾಟಿ, ಆಮೇಲೆ ಏರಬೇಕು. ಇಳಿಯುವ ದಾರಿ ಗೊತ್ತಿಲ್ಲದಿದ್ದರೆ ಶಿಖರವನ್ನು ದೂರದಿಂದ ನೋಡಿ ಹಿಂದಿರುಗಬೇಕು.

1768ರಲ್ಲಿ ಆ ದ್ವೀಪದ ಹೆಸರು ಬೂರ್ಬೋನ್. ಮಡಗಾಸ್ಕರ್ ಮತ್ತು ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ದುಡಿಮೆಯಿಂದ ಫ್ರೆಂಚರ ಕಾಫಿ ತೋಟಗಳು ನಡೆಯುತ್ತಿದ್ದ ಕಾಲ. ಆ ವರ್ಷ ದ್ವೀಪದ ಆಡಳಿತಾಧಿಕಾರಿ ಕ್ರೆಮೋನ್ ಎಂಬವರ ತಂಡ ಜ್ವಾಲಾಮುಖಿ ನೋಡಲು ಹೊರಟು ಪ್ರಪಾತದ ಅಂಚಿನಲ್ಲಿ ನಿಂತುಬಿಟ್ಟಿತು. ಇಳಿಯುವ ದಾರಿ ಹುಡುಕಿದವರಿಗೆ ಬಹುಮಾನ ಕೊಡುವುದಾಗಿ ಗುಲಾಮರಿಗೆ ಹೇಳಲಾಯಿತು. ಜಾಕೋಬ್ ಎಂಬ ಗುಲಾಮ ಇಳಿದು ದಾರಿ ಕಂಡುಕೊಂಡ. ತಂಡ ಅವನ ಹಿಂದೆ ಹೋಯಿತು.

ಆದರೆ ಆ ಕಣಿವೆಬಾಯಿಗೆ ಬಂದ ಹೆಸರು ಗವರ್ನರ್ ಬೆಲ್‌ಕೋಂಬ್ ಅವರದು. ದಾರಿ ಕಂಡವನ ಹೆಸರು ಕಡತದಲ್ಲಿ ಉಳಿಯಿತು, ನಕ್ಷೆಯ ಮೇಲೆ ಬರಲಿಲ್ಲ. ದ್ವೀಪದಲ್ಲಿ ಗುಲಾಮಗಿರಿ ರದ್ದಾದದ್ದು 1848ರ ಡಿಸೆಂಬರ್ 20ರಂದು. ಆ ಮೇಲೆ ತೋಟಗಳ ದುಡಿಮೆಗೆ ಹಡಗು ಹತ್ತಿ ಬಂದವರಲ್ಲಿ ಭಾರತದ ಕೂಲಿಗಳೇ ಬಹಳ. ಹೆಚ್ಚಿನವರು ತಮಿಳು ನಾಡಿನ ಕಡೆಯವರಾದರೂ ಅಲ್ಲಿ ಅವರ ಸಂತತಿಗೆ ಇಂದಿಗೂ 'ಮಲಬಾರ್' ಎಂದೇ ಹೆಸರು. ಜಾಕೋಬನ ಹೆಸರು ನಕ್ಷೆಗೆ ಸೇರಲು ಎರಡು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಈಗ ಆ ಕಣಿವೆಬಾಯಿಯನ್ನು 'ಬೆಲ್‌ಕೋಂಬ್–ಜಾಕೋಬ್' ಎಂದು ಕರೆಯುತ್ತಾರೆ.

1801ರಲ್ಲಿ ಬೊರಿ ದ ಸೇಂಟ್ ವಿನ್ಸೆಂಟ್ ಎಂಬ ಫ್ರೆಂಚ್ ನಿಸರ್ಗ ಶಾಸ್ತ್ರಜ್ಞ ಈ ಬೆಟ್ಟ ಹತ್ತಿದರು. ಆಗ ಅವರಿಗೆ ಇಪ್ಪತ್ಮೂರರ ಆಸುಪಾಸಿನ ಪ್ರಾಯ. ಜ್ವಾಲಾಮುಖಿಯ ಮೊದಲ ವಿವರವಾದ ವರ್ಣನೆ, ನಕ್ಷೆಗಳು ಅವರ 1804ರ ಗ್ರಂಥದಲ್ಲಿವೆ. ಶಿಖರದ ಎರಡು ಬಾಯಿಗಳಲ್ಲಿ ಒಂದಕ್ಕೆ ಭೂವಿಜ್ಞಾನಿ ಡೊಲೊಮ್ಯೂ ಅವರ ಹೆಸರು, ಇನ್ನೊಂದಕ್ಕೆ ಬೊರಿ ಅವರ ಹೆಸರು ಉಳಿದಿದೆ. ಅವರ ಪೆಟ್ಟಿಗೆ, ನೀರು, ಆಹಾರ ಹೊತ್ತು ಚೂಪುಗಲ್ಲಿನ ಮೇಲೆ ನಡೆದವರು ಗುಲಾಮರು.

ಇದೇ ಕಾಲಕ್ಕೆ ಯುರೋಪಿನಲ್ಲಿ ಜ್ವಾಲಾಮುಖಿ ಏರುವುದು ಒಂದು ಉದ್ಯೋಗವಾಗತೊಡಗಿತ್ತು. ಇಟಲಿಯ ವಿಸೂವಿಯಸ್ ಬೆಟ್ಟದ ಬುಡದ ಹಳ್ಳಿಗರು ಸೊಂಟಕ್ಕೆ ಕಟ್ಟಿದ ಪಟ್ಟಿಯಿಂದ ಪ್ರವಾಸಿಗರನ್ನು ಬೂದಿಯ ಇಳಿಜಾರಿನಲ್ಲಿ ಎಳೆದೊಯ್ಯುತ್ತಿದ್ದರು. ನಡೆಯಲಾರದವರನ್ನು ಕುರ್ಚಿಯಲ್ಲಿ ಕೂರಿಸಿ ಹೊರುತ್ತಿದ್ದರು. 1880ರಲ್ಲಿ ಅಲ್ಲಿ ಹಗ್ಗದಿಂದ ಎಳೆಯುವ ರೈಲು ಬಂತು. 1944ರ ಸ್ಫೋಟ ಅದನ್ನು ನುಂಗಿತು. ಬೆಂಕಿ ನೋಡುವ ಆಸೆ ಒಬ್ಬರದು, ಅದರ ಬಳಿಗೆ ಕರೆದೊಯ್ಯುವ ಹೊಟ್ಟೆಪಾಡು ಇನ್ನೊಬ್ಬರದು. ಈ ವ್ಯವಹಾರ ಅಂದಿನಿಂದ ಬದಲಾಗಿಲ್ಲ.

ಬಿಳಿ ಗುರುತಿನ ಹಾದಿ

ಇಂದು ರಿಯೂನಿಯನ್ನಿನ ಕುಲುಮೆ ಬೆಟ್ಟಕ್ಕೆ ಹೋಗುವವರು ಬೆಳಗಿನ ಜಾವವೇ ಹೊರಡುತ್ತಾರೆ. ಹೊತ್ತೇರಿದಂತೆ ಮಂಜು ಮುಸುಕುವುದೇ ಇದಕ್ಕೆ ಕಾರಣ. ಮಂಜು ಕವಿದರೆ ಹತ್ತು ಮಾರು ದೂರದ ಮನುಷ್ಯನೂ ಕಾಣುವುದಿಲ್ಲ. ಒಂದು ಹುಲ್ಲುಕಡ್ಡಿಯೂ ಇಲ್ಲದ ಕಪ್ಪು ಬಯಲಿನಲ್ಲಿ ಎಲ್ಲ ದಿಕ್ಕೂ ಒಂದೇ. ಆದ್ದರಿಂದ ಹಾದಿಯುದ್ದಕ್ಕೂ ಕಲ್ಲಿನ ಮೇಲೆ ಬಿಳಿ ಬಣ್ಣದ ಗುರುತು ಹಾಕಿದ್ದಾರೆ. ಒಂದು ಗುರುತಿನಿಂದ ಮುಂದಿನ ಗುರುತು ಕಾಣದಿದ್ದರೆ ನಿಲ್ಲಬೇಕು.

ಜಾಕೋಬ್ ಇಳಿದ ಪ್ರಪಾತಕ್ಕೆ ಈಗ ಸುಮಾರು 500 ಮೆಟ್ಟಿಲುಗಳಿವೆ. ಇಳಿದೊಡನೆ ಸಿಗುವುದು ಕೆಂಪು ಬೂದಿಯ ಒಂದು ಪುಟ್ಟ ಗುಡ್ಡ. 1753ರ ಸ್ಫೋಟದಲ್ಲಿ ಹುಟ್ಟಿದ ಅದಕ್ಕೆ 'ಫೋರ್ಮಿಕಾ ಲಿಯೋ' ಎಂದು ಹೆಸರು. ಮರಳಿನಲ್ಲಿ ಬಟ್ಟಲಿನಂತಹ ಗುಳಿ ತೋಡಿ ಇರುವೆಗಾಗಿ ಕಾಯುವ ಹುಳದ ಹೆಸರು ಅದು. ಗುಡ್ಡದ ನೆತ್ತಿಯ ಗುಳಿ ಅದೇ ಆಕಾರದಲ್ಲಿದೆ.

ಮುಂದಿನ ಹಾದಿಯಲ್ಲಿ ಎರಡು ಬಗೆಯ ಕಲ್ಲು ಕಾಲಿಗೆ ಸಿಗುತ್ತದೆ. ಒಂದು, ಕಾಸಿದ ಹಾಲಿನ ಕೆನೆಯಂತೆ ನೆರಿಗೆ ನೆರಿಗೆಯಾಗಿ, ಹಗ್ಗ ಸುತ್ತಿಟ್ಟಂತೆ ಆರಿದ್ದು. ಅದರ ಮೇಲೆ ನಡೆಯುವುದು ಸುಲಭ. ಇನ್ನೊಂದು, ಮುರಿದ ಗಾಜಿನ ರಾಶಿಯಂತೆ ಚೂಪಾದದ್ದು. ಬಿದ್ದರೆ ಅಂಗೈ ಸೀಳುತ್ತದೆ. ಕೆಲವೆಡೆ ಮೇಲಿನ ಪದರ ಆರಿ ಒಳಗಿನ ರಸ ಹರಿದುಹೋದದ್ದರಿಂದ ಟೊಳ್ಳು ಸುರಂಗಗಳಾಗಿವೆ. ಇವುಗಳೊಳಗೆ ತಲೆಗೆ ಹೆಲ್ಮೆಟ್, ಹಣೆಗೆ ದೀಪ ಕಟ್ಟಿಸಿ ಜನರನ್ನು ಕರೆದೊಯ್ಯುವುದು ಮಾರ್ಗದರ್ಶಿಗಳ ಕಸುಬು. ಎಲ್ಲಿ ಕಾಲಿಟ್ಟರೆ ಚಾವಣಿ ಕುಸಿದೀತು ಎಂಬುದನ್ನು ಅವರು ಬಲ್ಲರು.

ಈ ಬೆಟ್ಟವನ್ನು ಹತ್ತಲು ಸಾಧ್ಯವಾಗಿರುವುದಕ್ಕೆ ಶಿಲಾರಸದ ಗುಣವೇ ಮುಖ್ಯ ಕಾರಣ. ದಖ್ಖನ್ ರಸದಂತೆಯೇ ಇದೂ ತೆಳುವಾದದ್ದು. ತೆಳು ಅಂಬಲಿ ಕುದಿಯುವಾಗ ಗುಳ್ಳೆಗಳು ಸುಲಭವಾಗಿ ಒಡೆದು ಆವಿ ಹೊರಹೋಗುತ್ತದೆ. ಗಟ್ಟಿ ಅಂಬಲಿಯಾದರೆ ಆವಿ ಸಿಕ್ಕಿಕೊಂಡು ಒಮ್ಮೆಗೇ ಸಿಡಿಯುತ್ತದೆ. ತೆಳು ರಸದ ಬೆಟ್ಟಗಳು ಸಾಮಾನ್ಯವಾಗಿ ಹರಿಯುತ್ತವೆ, ಗಟ್ಟಿ ರಸದವು ಸಿಡಿಯುತ್ತವೆ. ಆದರೆ 'ಸಾಮಾನ್ಯವಾಗಿ' ಎಂಬ ಮಾತನ್ನು ಮರೆಯುವಂತಿಲ್ಲ.

ಬಾಗಿಲು ಹಾಕುವವರು

1977ರವರೆಗೆ ಕುಲುಮೆ ಬೆಟ್ಟದ ಮೇಲೆ ಕಾಯಂ ಕಣ್ಗಾವಲು ಇರಲಿಲ್ಲ. ರಸ ಬಹುತೇಕ ಆ ಬೋಗುಣಿಯೊಳಗೇ ಹರಿಯುತ್ತಿದ್ದುದರಿಂದ ಜನ ನಿಶ್ಚಿಂತರಾಗಿದ್ದರು. ಆ ವರ್ಷದ ಏಪ್ರಿಲ್‌ನಲ್ಲಿ ರಸ ಬೋಗುಣಿಯ ಹೊರಗೆ ಉಕ್ಕಿ ಪಿತೋನ್ ಸೇಂಟ್ ರೋಸ್ ಎಂಬ ಊರಿಗೆ ನುಗ್ಗಿತು. ಮನೆಗಳು ಸುಟ್ಟವು. ಹೆದ್ದಾರಿ ದಾಟಿ ಚರ್ಚಿನ ಬಾಗಿಲಿಗೆ ಬಂದ ರಸ ಎರಡು ಕವಲಾಗಿ ಕಟ್ಟಡವನ್ನು ಸುತ್ತುವರಿದು ನಿಂತಿತು. ಊರು ಮೊದಲೇ ತೆರವಾಗಿದ್ದರಿಂದ ಜೀವಹಾನಿ ಆಗಲಿಲ್ಲ. ಆ ಚರ್ಚಿಗೆ ಈಗ 'ಲಾವಾ ಮಾತೆ'ಯ ಹೆಸರು.

ಈ ಘಟನೆಯ ಬೆನ್ನಲ್ಲೇ, 1979ರಲ್ಲಿ, ಪ್ಯಾರಿಸ್ಸಿನ ಭೂಭೌತ ಸಂಸ್ಥೆ ಅಲ್ಲಿ ವೀಕ್ಷಣಾಲಯ ತೆರೆಯಿತು. ಶಿಲಾರಸ ಮೇಲೇರುವಾಗ ಸುತ್ತಲಿನ ಬಂಡೆ ಬಿರಿದು ಸಣ್ಣ ಸಣ್ಣ ಕಂಪನಗಳಾಗುತ್ತವೆ. ಬೆಟ್ಟದ ಮೈ ಕೆಲವು ಸೆಂಟಿಮೀಟರ್ ಉಬ್ಬುತ್ತದೆ. ಹೊರಬರುವ ಅನಿಲದ ಗುಣ ಬದಲಾಗುತ್ತದೆ. ಇವನ್ನೆಲ್ಲ ಉಪಕರಣಗಳು ಹಗಲಿರುಳು ದಾಖಲಿಸುತ್ತವೆ. ಲಕ್ಷಣ ಕಂಡೊಡನೆ ವಿಜ್ಞಾನಿಗಳು ಜಿಲ್ಲಾಡಳಿತಕ್ಕೆ ತಿಳಿಸುತ್ತಾರೆ. ಆಡಳಿತ ಕಣಿವೆಬಾಯಿಯ ಬಾಗಿಲು ಹಾಕಿಸುತ್ತದೆ. ಎಷ್ಟೇ ದೂರದಿಂದ ಬಂದ ಪ್ರವಾಸಿಯಾದರೂ ಮೇಲಿನಿಂದ ನೋಡಿ ಮರಳಬೇಕು.

ಆ ಬಾಗಿಲಿನ ಬೆಲೆ 2007ರ ಏಪ್ರಿಲ್‌ನಲ್ಲಿ ತಿಳಿಯಿತು. ಭಾರಿ ಪ್ರಮಾಣದ ರಸ ಕೆಳಗಿನಿಂದ ಹರಿದುಹೋದ ಪರಿಣಾಮವಾಗಿ ಡೊಲೊಮ್ಯೂ ಬಾಯಿಯ ತಳವೇ ಕುಸಿದು 300 ಮೀಟರಿಗೂ ಹೆಚ್ಚು ಆಳದ ಕಂದಕವಾಯಿತು. ಅಲ್ಲಿಯವರೆಗೆ ಪ್ರವಾಸಿಗರು ಅದರ ಅಂಚಿನಲ್ಲೇ ನಿಂತು ಬಗ್ಗಿ ನೋಡುತ್ತಿದ್ದರು.

ಬಾಗಿಲು ತೆರೆದೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಜಿಲೆಂಡ್ ಸಾಕ್ಷಿ. ಅಲ್ಲಿನ ವೈಟ್ ಐಲೆಂಡ್ ಎಂಬ ಜ್ವಾಲಾಮುಖಿ ದ್ವೀಪಕ್ಕೆ, ಮಾವೊರಿಗಳ ಹೆಸರಿನಲ್ಲಿ ವಾಕಾರಿಗೆ, ಹಲವು ವರ್ಷ ದೋಣಿಗಳಲ್ಲಿ ತಂಡಗಳು ಹೋಗುತ್ತಿದ್ದವು. 2019ರ ನವೆಂಬರ್‌ನಲ್ಲಿ ವಿಜ್ಞಾನಿಗಳು ಎಚ್ಚರಿಕೆಯ ಮಟ್ಟ ಏರಿಸಿದರೂ ಪ್ರವಾಸ ನಿಲ್ಲಲಿಲ್ಲ. ಡಿಸೆಂಬರ್ 9ರ ಮಧ್ಯಾಹ್ನ ಬೆಟ್ಟ ಸಿಡಿದಾಗ ದ್ವೀಪದಲ್ಲಿ 47 ಮಂದಿ ಇದ್ದರು. 22 ಮಂದಿ ಸತ್ತರು. ಅವರಲ್ಲಿ ಇಬ್ಬರು ಮಾರ್ಗದರ್ಶಿಗಳು. ಪ್ರವಾಸ ನಡೆಸಿದ ಕಂಪೆನಿಗಳು ದಂಡ ತೆತ್ತವು. ದ್ವೀಪದ ಒಡೆತನದ ಕಂಪೆನಿಗೆ 2023ರಲ್ಲಿ ಆದ ಶಿಕ್ಷಾ ತೀರ್ಪನ್ನು 2025ರಲ್ಲಿ ಅಲ್ಲಿನ ಹೈಕೋರ್ಟ್ ರದ್ದುಮಾಡಿತು. ಹೊಣೆ ಯಾರದು ಎಂಬ ಪ್ರಶ್ನೆ ನ್ಯಾಯಾಲಯದಲ್ಲೂ ಸುಲಭವಾಗಿ ಬಗೆಹರಿಯಲಿಲ್ಲ.

ಉಪಕರಣಗಳೂ ಎಲ್ಲವನ್ನೂ ಹೇಳಲಾರವು. ಜಪಾನಿನ ಒಂಟಾಕೆ ಬೆಟ್ಟದಲ್ಲಿ 2014ರ ಸೆಪ್ಟೆಂಬರ್ 27ರಂದು ಎಚ್ಚರಿಕೆಯ ಮಟ್ಟ ಅತ್ಯಂತ ಕೆಳಗಿತ್ತು. ಶನಿವಾರದ ರಜೆ, ಶರತ್ಕಾಲದ ಚೆಲುವು, ಮಧ್ಯಾಹ್ನದ ಊಟದ ಹೊತ್ತು. ಶಿಖರದ ಬಳಿ ನೂರಾರು ಜನರಿದ್ದಾಗ ಆವಿಯ ಒತ್ತಡದಿಂದ ಬೆಟ್ಟ ಸಿಡಿಯಿತು. ಸತ್ತವರು ಮತ್ತು ಕಾಣೆಯಾದವರು ಒಟ್ಟು 63. ಶಾಂತವಾಗಿರುವುದು ಬೇರೆ, ಸುರಕ್ಷಿತವಾಗಿರುವುದು ಬೇರೆ ಎಂದು ಒಂಟಾಕೆ ತೋರಿಸಿತು.

ಸತ್ತಿತೆಂದು ಬರೆದರು, ಎದ್ದು ಕುಳಿತಿತು

ಇದೇ ಪಾಠವನ್ನು ಭಾರತದ ಏಕೈಕ ಜೀವಂತ ಜ್ವಾಲಾಮುಖಿಯೂ ಹೇಳುತ್ತದೆ. ಅಂಡಮಾನಿನ ರಾಜಧಾನಿಯಿಂದ ಈಶಾನ್ಯಕ್ಕೆ ಸುಮಾರು 140 ಕಿಲೋಮೀಟರ್ ದೂರದಲ್ಲಿ, ಮೂರು ಕಿಲೋಮೀಟರ್ ಅಗಲದ ಬ್ಯಾರನ್ ದ್ವೀಪವಿದೆ. ಹೆಸರೇ ಹೇಳುವಂತೆ ಬರಡು ದ್ವೀಪ. ಕಾಣುವುದು ಸಮುದ್ರದ ಮೇಲಿನ ತುದಿ ಮಾತ್ರ. ಬೆಟ್ಟದ ಬುಡ ಎರಡು ಕಿಲೋಮೀಟರಿಗೂ ಆಳದಲ್ಲಿದೆ. ಇದರ ಬೆಂಕಿಗೂ ದಖ್ಖನ್ ಬೆಂಕಿಗೂ ನಂಟಿಲ್ಲ. ಇಲ್ಲಿ ಒಂದು ಭೂಫಲಕ ಇನ್ನೊಂದರ ಅಡಿಗೆ ಜಾರುತ್ತಿದೆ.

1787ರಿಂದ ಹಡಗಿನವರು ಇಲ್ಲಿ ಹೊಗೆ, ಬೆಂಕಿ ಕಂಡ ದಾಖಲೆಗಳಿವೆ. 1789ರಲ್ಲಿ ಲೆಫ್ಟಿನೆಂಟ್ ಆರ್ಚಿಬಾಲ್ಡ್ ಬ್ಲೇರ್ ಇಲ್ಲಿಗೆ ಬಂದಾಗ ಬೆಟ್ಟ ಟನ್‌ಗಟ್ಟಲೆ ತೂಕದ ಕಲ್ಲುಗಳನ್ನು ಎಸೆಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದ ನಂತರ ಅದು ತಣ್ಣಗಾಯಿತು. ತಣ್ಣಗಾದ ಮೇಲೆ ತಂಡಗಳು ದಡಕ್ಕಿಳಿದು ಶಂಕುವಿನ ತುದಿಯವರೆಗೆ ಹತ್ತಿದವು. 1884ರಲ್ಲಿ ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯ ಮ್ಯಾಲೆಟ್ ಹಾಗೂ ಕ್ಯಾಪ್ಟನ್ ಹೋಬ್‌ಡೇ ದ್ವೀಪವನ್ನು ಅಳೆದು ನಕ್ಷೆ ಬರೆದರು. ದಡದ ಬಿಸಿನೀರ ಬುಗ್ಗೆಯೂ ವರ್ಷ ವರ್ಷಕ್ಕೆ ಆರುತ್ತಿತ್ತು. ಬೆಟ್ಟದ ಆಯುಸ್ಸು ಮುಗಿಯಿತೆಂದು ನಂಬಲು ಇಷ್ಟು ಸಾಕಾಗಿತ್ತು.

1991ರಲ್ಲಿ ಅದು ಮತ್ತೆ ಬಾಯಿ ತೆರೆಯಿತು. ಶಿಲಾರಸ ಕಪ್ಪು ಕಣಿವೆಯಲ್ಲಿ ಹರಿದು ಸಮುದ್ರ ಸೇರಿತು. 1994–95ರಲ್ಲಿ, 2005ರಲ್ಲಿ ಮತ್ತೆ. 2017ರ ಜನವರಿಯಲ್ಲಿ ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸಂಶೋಧನಾ ಹಡಗಿನಿಂದಲೇ ಅದು ಬೂದಿ ಉಗುಳುವುದನ್ನೂ ರಾತ್ರಿ ಕೆಂಪು ರಸ ಚಿಮ್ಮುವುದನ್ನೂ ಕಂಡರು. 2025ರ ಸೆಪ್ಟೆಂಬರ್‌ನಲ್ಲೂ ಅದು ಸಣ್ಣದಾಗಿ ಸ್ಫೋಟಿಸಿತು. ಹಡಗಿನಿಂದ ನೋಡುವುದಷ್ಟೇ ಪ್ರವಾಸಿಗರಿಗೆ ಸಾಧ್ಯ, ದ್ವೀಪಕ್ಕೆ ಇಳಿಯುವಂತಿಲ್ಲ. ಮನುಷ್ಯನ ಲೆಕ್ಕದಲ್ಲಿ ಅದು ಮಲಗಿದ್ದು ಆರೇಳು ತಲೆಮಾರು. ಬೆಟ್ಟದ ಲೆಕ್ಕದಲ್ಲಿ ಅದು ಒಂದು ಮಧ್ಯಾಹ್ನದ ನಿದ್ದೆ.

ನೆಲದ ಸದ್ದು ಕೇಳಿಸಿಕೊಂಡವರು

ಹಾಗಾದರೆ ಕಲಬುರಗಿಯ ಬೆಂಕಿಯೂ ಮತ್ತೆ ಎದ್ದೀತೇ? ಈ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲದೊಳಗಿಂದ ಸದ್ದು ಬರುತ್ತಿದೆ ಎಂದು ಜನ ವರ್ಷಗಳಿಂದ ದೂರುತ್ತಿದ್ದರು. 2021ರ ಅಕ್ಟೋಬರ್‌ನಲ್ಲಿ ನೆಲ ಮತ್ತೆ ಮತ್ತೆ ನಡುಗಿತು. ಒಂದು ಕಂಪನದ ಪ್ರಮಾಣ 4ರ ಆಸುಪಾಸಿನದು. ಜನ ಮನೆಯೊಳಗೆ ಮಲಗಲು ಹೆದರಿದರು, ಎಷ್ಟೋ ಮಂದಿ ಊರು ಬಿಟ್ಟರು. ವಿಜ್ಞಾನಿಗಳು ಬಂದು ಅಧ್ಯಯನ ನಡೆಸಿದರು.

ಜ್ವಾಲಾಮುಖಿಯ ಭಯಕ್ಕೆ ಕಾರಣವಿಲ್ಲ ಎಂಬುದನ್ನು ಭೂಮಿಯ ಇತಿಹಾಸವೇ ಹೇಳುತ್ತದೆ. ಈ ನೆಲದ ಅಡಿಯಲ್ಲಿದ್ದ ಒಲೆ ಸಾವಿರಾರು ಕಿಲೋಮೀಟರ್ ಹಿಂದೆ ಉಳಿದಿದೆ. ಬ್ಯಾರನ್ ಮಲಗಿದ್ದು ಒಲೆಯ ಮೇಲೆಯೇ, ದಖ್ಖನ್ ಆದರೋ ಒಲೆಯಿಂದ ಇಳಿದು ಕೋಟ್ಯಂತರ ವರ್ಷಗಳಾದವು. ಬೆಂಕಿಯಿಲ್ಲದ ನೆಲವೂ ನಡುಗಬಲ್ಲದು ಎಂಬುದು ಮಾತ್ರ ನಿಜ. ಕಲ್ಲುಮಣ್ಣಿನ ಗೋಡೆಯ ಮನೆಗೆ ಅಷ್ಟು ಕಂಪನವೇ ಸಾಕು.

ಅಂಚಿನಲ್ಲಿ ಬದುಕುವವರೇ ನೆಲದ ಸದ್ದನ್ನು ಮೊದಲು ಕೇಳುತ್ತಾರೆ, ದಾರಿಯನ್ನು ಮೊದಲು ಕಾಣುತ್ತಾರೆ. ರಿಯೂನಿಯನ್ನಿನಲ್ಲಿ ಮೊದಲು ಇಳಿದವನು ಗುಲಾಮ, ಗಡಿಕೇಶ್ವರದಲ್ಲಿ ಮೊದಲು ಕೇಳಿಸಿಕೊಂಡವರು ರೈತರು. ಅವರ ಮಾತನ್ನು ಬರೆದುಕೊಳ್ಳುವುದು, ಉಪಕರಣದಿಂದ ಅಳೆಯುವುದು, ಅಗತ್ಯ ಬಿದ್ದಾಗ ಬಾಗಿಲು ಹಾಕುವುದು, ಈ ಮೂರೂ ಕೂಡಿದ ಕಡೆ ಜನ ಬೆಂಕಿಯ ಬೆಟ್ಟವನ್ನೂ ಹತ್ತಿ ಮನೆಗೆ ಮರಳುತ್ತಾರೆ. ಒಂದು ತಪ್ಪಿದ ಕಡೆ ಆರಿದ ನೆಲದ ಮೇಲೂ ನೆಮ್ಮದಿಯಿಂದ ಮಲಗುವುದು ಕಷ್ಟ.